ಜೋಳ ಕೊಟ್ಟ ಸಾಹುಕಾರ

"ಗುರುಗಳೇ, ಮನುಷ್ಯ ತನಗಾಗಿ ಬದುಕಿದರೆ ಸುಖವೋ, ಇತರರಿಗಾಗಿ ಬದುಕಿದರೆ ಸುಖವೋ?"

ಹೀಗೆ ಕೇಳಿದವನು ಮುರಿಗೆಪ್ಪನೆಂಬ ಶಿಷ್ಯ. ಹಿಂದಿನ ದಿನ ಅವನು ಪೇಟೆಗೆ ಹೋಗಿದ್ದ. ಅಲ್ಲೊಂದು ಸಭೆಯಲ್ಲಿ ಇಬ್ಬರು ವಿದ್ವಾಂಸರು ವಾದಕ್ಕೆ ನಿಂತಿದ್ದರು. ಬಂಡವಾಳ ಹೂಡುವವನು ತನ್ನ ಲಾಭವನ್ನಷ್ಟೇ ನೋಡಿದರೂ ಅದರಿಂದ ಊರಿನ ಒಲೆಗಳು ಉರಿಯುತ್ತವೆ, ದಾನ ಮಾಡುವವನು ಮಾತ್ರ ಪಡೆಯುವವನನ್ನು ಕುಗ್ಗಿಸುತ್ತಾನೆ ಎಂದು ಒಬ್ಬನ ವಾದ. ಲಾಭದ ಬೆನ್ನು ಹತ್ತಿದವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಕೊಟ್ಟವನಿಗೇ ನೆಮ್ಮದಿ ಎಂದು ಇನ್ನೊಬ್ಬನ ವಾದ. ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದ್ದರು. ಮುರಿಗೆಪ್ಪ ಚಪ್ಪಾಳೆ ತಟ್ಟದೆ ಎದ್ದು ಬಂದಿದ್ದ. ಯಾವ ಮಾತನ್ನು ಹಿಡಿಯಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಘಟ್ಟದ ದಾರಿಯ ಮೇಲೆ ಒಂದು ಊರು. ಅಲ್ಲಿ ಒಬ್ಬ ಧಾನ್ಯದ ಸಾಹುಕಾರನಿದ್ದ. ಅವನ ಉಗ್ರಾಣ ತುಂಬಿತ್ತು, ಮನೆಯೂ ದೊಡ್ಡದಿತ್ತು. ಆದರೆ ಊಟ ರುಚಿಸುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ಸಾಕೆನಿಸುತ್ತಿತ್ತು. ವೈದ್ಯರು ಕಷಾಯ ಕೊಟ್ಟರು. ಗುಣವಾಗಲಿಲ್ಲ. ಅಂಗಡಿಗೆ ಬರುವವರೆಲ್ಲ ಕೊಳ್ಳಲು ಬರುವರು, ಇಲ್ಲವೆ ಮಾರಲು ಬರುವರು. ಅವನನ್ನು ನೋಡಲೆಂದೇ ಬರುವವರು ಯಾರೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಬಡಗಿ ಇದ್ದ. ಬಂಡಿಯ ಗಾಲಿ ಮಾಡುವುದರಲ್ಲಿ ಅವನ ಕೈ ಪಳಗಿತ್ತು. ಒಂದು ದಿನ ಮರ ಇಳಿಸುವಾಗ ದಿಮ್ಮಿ ಜಾರಿ ಅವನ ಬಲಗೈ ಮೇಲೆ ಬಿತ್ತು. ಮಣಿಕಟ್ಟಿನ ಎಲುಬು ಮುರಿಯಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ, ಕೈ ಅಲುಗಿಸಬೇಡ ಎಂದು ಹೇಳಿ ಹೋದ. ಬಡಗಿ ಕೈ ಅಲುಗಿಸದಿದ್ದರೆ ಅವನ ಮನೆಯಲ್ಲಿ ಅಡುಗೆಯಾಗುವುದು ಹೇಗೆ? ಹೆಂಡತಿ ಕೆಲವು ದಿನ ಅಕ್ಕಪಕ್ಕದವರಲ್ಲಿ ಕೇಳಿ ತಂದಳು. ಆಮೇಲೆ ಕೇಳಲು ಅವಳಿಗೇ ನಾಚಿಕೆಯಾಯಿತು.

ಸುದ್ದಿ ಸಾಹುಕಾರನ ಕಿವಿಗೆ ಬಿತ್ತು. ಅವನಿಗೆ ಮರುಕವಾಯಿತು. ಆ ಮರುಕ ನಿಜವಾದದ್ದು, ಅದರಲ್ಲಿ ಕಪಟವಿರಲಿಲ್ಲ. ಅವನು ಒಂದು ಚೀಲಕ್ಕೆ ಜೋಳ ತುಂಬಿಸಿಕೊಂಡು ತಾನೇ ಬಡಗಿಯ ಮನೆಗೆ ಹೋದ.

ಬಡಗಿಯ ಹೆಂಡತಿ ಚೀಲ ನೋಡಿ ಕಣ್ಣು ಒರೆಸಿಕೊಂಡಳು. ಬಡಗಿ ಕೈ ಮುಗಿಯಲು ಹೋದ. ಒಂದು ಕೈಗೆ ದಬ್ಬೆ ಕಟ್ಟಿತ್ತು. ಇನ್ನೊಂದು ಕೈಯನ್ನಷ್ಟೇ ಎತ್ತಿ ಹಣೆಗೆ ಮುಟ್ಟಿಸಿಕೊಂಡ.

"ಸಾವ್ಕಾರ್ರೇ, ನೀವು ಬಾರದಿದ್ದರೆ ನಾವು ಏನು ಮಾಡುತ್ತಿದ್ದೆವೋ ಗೊತ್ತಿಲ್ಲ" ಎಂದ.

ಆ ಮಾತು ಕೇಳಿ ಸಾಹುಕಾರನ ಎದೆಯೊಳಗೆ ಏನೋ ಕರಗಿತು. ಮನೆಗೆ ಬಂದು ಊಟಕ್ಕೆ ಕೂತ. ಇನ್ನೊಂದು ರೊಟ್ಟಿ ಹಾಕು ಎಂದು ಹೆಂಡತಿಗೆ ಹೇಳಿದ. ಅವಳು ಬೆರಗಾಗಿ ಅವನ ಮುಖ ನೋಡಿದಳು.

ಅಂದಿನಿಂದ ಪ್ರತಿ ಸೋಮವಾರ ಸಾಹುಕಾರ ಬಡಗಿಯ ಮನೆಗೆ ಜೋಳ ಒಯ್ಯತೊಡಗಿದ. ಆಳಿನ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಲಿಲ್ಲ. ಮಡಿಸಿಟ್ಟ ಧೋತರ ಉಟ್ಟು ತಾನೇ ಹೋಗುತ್ತಿದ್ದ. ಅವರ ಕಟ್ಟೆಯ ಮೇಲೆ ಕೂರುತ್ತಿದ್ದ. ಕೈ ಹೇಗಿದೆ, ನೋವು ಕಡಿಮೆಯೇ, ನಿದ್ದೆ ಬರುತ್ತದೆಯೇ ಎಂದು ವಿಚಾರಿಸುತ್ತಿದ್ದ. ಬಡಗಿಯ ಹೆಂಡತಿ ಮಜ್ಜಿಗೆ ತಂದುಕೊಡುತ್ತಿದ್ದಳು. ವಾರವೆಲ್ಲ ಸಾಹುಕಾರ ಆ ಗಳಿಗೆಗೆ ಕಾಯುತ್ತಿದ್ದ. ಆ ಕಟ್ಟೆಯ ಮೇಲೆ ಕೂತಾಗ ತಾನು ಒಳ್ಳೆಯವನೆಂದು ಅವನಿಗೆ ಅನಿಸುತ್ತಿತ್ತು. ಬೇರೆಲ್ಲಿಯೂ ಹಾಗೆ ಅನಿಸುತ್ತಿರಲಿಲ್ಲ.

ತಿಂಗಳುಗಳು ಕಳೆದವು. ವೈದ್ಯ ದಬ್ಬೆ ಬಿಚ್ಚಿದ. ಬಡಗಿ ಮೊದಲು ಒಂದು ಮಣೆ ಮಾಡಿದ. ಆಮೇಲೆ ಒಂದು ನೊಗ ಕೆತ್ತಿದ. ಕೊನೆಗೆ ಒಬ್ಬ ರೈತನಿಗಾಗಿ ಒಂದು ಜೊತೆ ಗಾಲಿ ಮಾಡಿದ. ಸೋಮವಾರ ಸಾಹುಕಾರ ಬಂದಾಗ ಬಡಗಿ ಅಂಗಳದಲ್ಲಿ ನಿಂತು ಗಾಲಿಯನ್ನು ಅಚ್ಚಿಗೆ ಸಿಕ್ಕಿಸಿ ತಿರುಗಿಸಿ ತೋರಿಸಿದ. ಗಾಲಿ ಎಲ್ಲೂ ಓಲಾಡದೆ ನೆಟ್ಟಗೆ ತಿರುಗಿತು.

"ನೋಡಿದಿರಾ ಸಾವ್ಕಾರ್ರೇ? ಕೈ ಬಂತು! ನಿಮ್ಮ ಉಪಕಾರ ಮರೆಯುವುದಿಲ್ಲ. ಬರುವ ವಾರದಿಂದ ಜೋಳ ತರಬೇಡಿ. ನಾನೇ ನಿಮ್ಮ ಅಂಗಡಿಗೆ ಬಂದು ದುಡ್ಡು ಕೊಟ್ಟು ಒಯ್ಯುತ್ತೇನೆ."

"ಬಹಳ ಸಂತೋಷ" ಎಂದ ಸಾಹುಕಾರ.

ಆದರೆ ಅವನಿಗೆ ಸಂತೋಷವಾಗಿರಲಿಲ್ಲ. ದಾರಿಯಲ್ಲಿ ಬರುವಾಗ ಯಾರೋ ತನ್ನ ಕೈಯಿಂದ ಏನನ್ನೋ ಕಿತ್ತುಕೊಂಡಂತೆ ಅನಿಸಿತು. ಏನೆಂದು ಹುಡುಕಿದ. ಸಿಗಲಿಲ್ಲ. ಅಂದು ಊಟ ಸೇರಲಿಲ್ಲ.

ಮುಂದಿನ ಸೋಮವಾರವೂ ಅವನು ಜೋಳ ತೆಗೆದುಕೊಂಡು ಹೋದ.

"ಅವಸರ ಮಾಡಬೇಡ ಬಡಿಗೇರ. ಎಲುಬಿನ ವಿಷಯ, ಹುಡುಗಾಟವಲ್ಲ. ಇನ್ನೂ ಕೆಲವು ದಿನ ಸುಧಾರಿಸಿಕೋ" ಎಂದ.

ಬಡಗಿಗೆ ಬೇಡವೆನ್ನಲು ಮನಸ್ಸು ಬರಲಿಲ್ಲ. ಕಷ್ಟಕಾಲದಲ್ಲಿ ಅನ್ನ ಕೊಟ್ಟವರ ಮುಖಕ್ಕೆ ಹೊಡೆದಂತೆ ಹೇಗೆ ಹೇಳುವುದು? ಚೀಲ ಒಳಗೆ ಹೋಯಿತು.

ಆ ವಾರದಲ್ಲೇ ಉಪ್ಪಿನ ವ್ಯಾಪಾರಿಯೊಬ್ಬ ಸಾಹುಕಾರನ ಅಂಗಡಿಗೆ ಬಂದ. ಘಟ್ಟದ ಕೆಳಗಿನಿಂದ ಉಪ್ಪು ತಂದು, ಮೇಲಿನಿಂದ ಧಾನ್ಯ ಒಯ್ಯುವವನು. ಅವನ ಬಂಡಿಗಳ ಸಾಲು ದೊಡ್ಡದು. ದುಡ್ಡಿನ ಮನುಷ್ಯ. ಯಾರ ಸುಖದುಃಖವನ್ನೂ ಕೇಳುವವನಲ್ಲ. ಬಡಗಿಯ ಕೈ ಮುರಿದಾಗ ಅವನು ಅದೇ ಬೀದಿಯಲ್ಲಿ ಬಂಡಿ ಹೊಡೆದುಕೊಂಡು ಹೋಗಿದ್ದ, ಇಳಿದು ನೋಡಿರಲಿಲ್ಲ.

"ನಿಮ್ಮೂರ ಬಡಗಿ ಮತ್ತೆ ಗಾಲಿ ಮಾಡುತ್ತಿದ್ದಾನಂತೆ. ನನ್ನ ಬಂಡಿಗಳಿಗೆಲ್ಲ ಹೊಸ ಗಾಲಿ ಬೇಕು. ಅವನ ಕೈ ಹೇಗಿದೆ? ನೀವು ವಾರವಾರ ಹೋಗುವವರು, ನಿಮಗೆ ಗೊತ್ತಿರುತ್ತದೆ" ಎಂದು ಕೇಳಿದ.

ಸಾಹುಕಾರ ಬಾಯಿ ತೆರೆದ. ಕೈ ಚೆನ್ನಾಗಿದೆ ಎಂದು ಹೇಳಲೆಂದೇ ತೆರೆದ. ಅಷ್ಟರಲ್ಲಿ ಸೋಮವಾರದ ಕಟ್ಟೆ ಅವನ ಕಣ್ಣ ಮುಂದೆ ಬಂತು. ಬಡಗಿಗೆ ಈ ಕೆಲಸ ಸಿಕ್ಕರೆ ಆ ಮನೆಗೆ ತನ್ನ ಜೋಳ ಮತ್ತೆಂದೂ ಬೇಕಾಗುವುದಿಲ್ಲ.

"ಪಾಪ, ಕೈ ಇನ್ನೂ ನಡುಗುತ್ತದೆ" ಎಂದ. "ಅವನಿಗೆ ಹೋಗಿ ಆಸೆ ತೋರಿಸಬೇಡಿ. ಆಗದಿದ್ದರೆ ನೊಂದುಕೊಳ್ಳುತ್ತಾನೆ."

ಅವನ ದನಿಯಲ್ಲಿ ಕರುಣೆಯೇ ಇತ್ತು. ವ್ಯಾಪಾರಿ ತಲೆಯಾಡಿಸಿ ಬೇರೆ ಊರಿನ ಬಡಗಿಯನ್ನು ಹುಡುಕಿಕೊಂಡು ಹೋದ. ಘಟ್ಟ ಇಳಿಯುವ ಬಂಡಿಗೆ ನಡುಗುವ ಕೈ ಮಾಡಿದ ಗಾಲಿಯನ್ನು ಯಾರು ಹಾಕುತ್ತಾರೆ? ಮಾತು ಅಂಗಡಿಯಲ್ಲಿ ಕೂತಿದ್ದವರ ಕಿವಿಗೂ ಬಿತ್ತು. ಸಾಹುಕಾರರೇ ಹೇಳಿದ ಮೇಲೆ ಸುಳ್ಳಿರಲಾರದು ಎಂದುಕೊಂಡರು. ಸಂತೆಯಲ್ಲಿ ಕೇಳಿದವರಿಗೆ ಸಾಹುಕಾರನೂ ಅದನ್ನೇ ಹೇಳಿದ. ಒಮ್ಮೆ ಆಡಿದ ಮಾತನ್ನು ಬದಲಿಸುವುದು ಹೇಗೆ? ಬಡಗಿಗೆ ಭಾರವಾಗಬಾರದೆಂದು ಹೀಗೆ ಹೇಳುತ್ತಿದ್ದೇನೆ ಎಂದು ತನ್ನನ್ನು ತಾನೇ ನಂಬಿಸಿಕೊಂಡ.

ಬಡಗಿಯ ಅಂಗಳಕ್ಕೆ ಗಿರಾಕಿಗಳು ಬರುವುದು ನಿಂತುಹೋಯಿತು. ಮಾಡಿಟ್ಟ ಗಾಲಿಗಳು ಗೋಡೆಗೆ ಒರಗಿ ನಿಂತವು. ಏಕೆಂದು ಅವನಿಗೆ ತಿಳಿಯಲಿಲ್ಲ. ದಾರಿಯಲ್ಲಿ ಸಿಕ್ಕ ರೈತರನ್ನು ಕೇಳಿದ. ಅವರು ಅವನ ಮುಖ ನೋಡದೆ ಅವನ ಬಲಗೈ ನೋಡಿ, "ಈಗ ಹೇಗಿದೆ ಕೈ?" ಎಂದು ಕೇಳಿ ಮುಂದೆ ಹೋದರು. ಸೋಮವಾರ ಸಾಹುಕಾರ ಕಟ್ಟೆಯ ಮೇಲೆ ಕೂತು ಸಮಾಧಾನ ಹೇಳಿದ.

"ಜನ ಹೀಗೇ ಕಣಪ್ಪ. ಬಿಡು, ನಾನಿದ್ದೇನಲ್ಲ."

ಅವನಿಗೆ ಊಟ ಮತ್ತೆ ರುಚಿಸತೊಡಗಿತು.

ಎಲ್ಲರೂ ಕೈಯನ್ನೇ ನೋಡುತ್ತಿದ್ದುದರಿಂದ ಬಡಗಿಯೂ ತನ್ನ ಕೈಯನ್ನು ನೋಡಿಕೊಳ್ಳತೊಡಗಿದ. ಉಳಿ ಹಿಡಿಯುವ ಮೊದಲು ನೋಡಿಕೊಳ್ಳುವನು. ಹಿಡಿದ ಮೇಲೂ ನೋಡಿಕೊಳ್ಳುವನು. ಕೆಲಸ ಮಾಡುವವನ ಕಣ್ಣು ಮರದ ಮೇಲಿರಬೇಕು. ಅದು ಕೈಯ ಮೇಲೆ ನಿಂತರೆ ಕೈ ತಪ್ಪುತ್ತದೆ. ಅವನ ಕೈ ತಪ್ಪಿತು. ಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಒಂದು ಅರೆ ಸೀಳಿಹೋಯಿತು. ಆಮೇಲೆ ಇನ್ನೊಂದು. ಸುಗ್ಗಿ ಬರುವ ಹೊತ್ತಿಗೆ ಅವನು ಉಳಿ ಎತ್ತಿದರೆ ಬೆರಳು ನಡುಗುತ್ತಿದ್ದವು.

ಒಂದು ಸೋಮವಾರ ಜೋಳದ ಚೀಲ ಇಸಿದುಕೊಳ್ಳುವಾಗ ಬಡಗಿಯ ಕೈ ನಡುಗಿತು. ಸಾಹುಕಾರ ಅದನ್ನು ನೋಡಿದ. ಅವನಿಗೆ ಮೊದಲು ಆದದ್ದು ನೋವಲ್ಲ. ತಾನು ಹೇಳಿದ್ದು ಸುಳ್ಳಾಗಲಿಲ್ಲ ಎಂಬ ನೆಮ್ಮದಿ ಮೊದಲು ಬಂತು. ತನ್ನೊಳಗೆ ಹಾಗೆ ಅಂದುಕೊಂಡವನು ಯಾರೆಂದು ಅವನು ತಿರುಗಿ ನೋಡಲಿಲ್ಲ. ಮಜ್ಜಿಗೆ ಕುಡಿದು ಎದ್ದು ಬಂದ.

ಮಳೆಗಾಲಕ್ಕೆ ಮೊದಲು ಉಪ್ಪಿನ ವ್ಯಾಪಾರಿಯ ಬಂಡಿಗಳು ಘಟ್ಟ ಇಳಿದವು. ಬೇರೆ ಊರಿನವನು ಮಾಡಿದ ಗಾಲಿಗಳು ಇಳಿಜಾರಿನಲ್ಲಿ ಮುರಿದವು. ಧಾನ್ಯ ಕಂದಕಕ್ಕೆ ಚೆಲ್ಲಿತು. ಬಾಡಿಗೆಗೆ ತಂದಿದ್ದ ಒಂದೇ ಒಂದು ಬಂಡಿ ಕೆಡದೆ ಕೆಳಗೆ ತಲುಪಿತು. ವ್ಯಾಪಾರಿ ಅದರ ಗಾಲಿಯನ್ನು ತಟ್ಟಿ ನೋಡಿದ. ಯಾರು ಮಾಡಿದ್ದು ಎಂದು ಬಂಡಿಯ ರೈತನನ್ನು ಕೇಳಿದ. ಹೆಸರು ಕೇಳಿ ನೇರವಾಗಿ ಬಡಗಿಯ ಮನೆಗೆ ಬಂದ. ಅಂದು ಸೋಮವಾರ. ಸಾಹುಕಾರ ಆಗಷ್ಟೇ ಚೀಲ ಇಳಿಸಿ ಕಟ್ಟೆಯ ಮೇಲೆ ಕೂತಿದ್ದ.

"ಆ ರೈತನ ಬಂಡಿಯ ಗಾಲಿ ಮಾಡಿದ್ದು ಯಾವಾಗ?" ಎಂದು ವ್ಯಾಪಾರಿ ಬಡಗಿಯನ್ನು ಕೇಳಿದ. "ಕೈ ಮುರಿಯುವ ಮೊದಲೋ, ಆಮೇಲೋ?"

"ಆಮೇಲೆ. ದಬ್ಬೆ ಬಿಚ್ಚಿದ ಮೇಲೆ ಮಾಡಿದ ಮೊದಲ ಜೊತೆ ಅದೇ."

ವ್ಯಾಪಾರಿ ಸಾಹುಕಾರನ ಕಡೆ ತಿರುಗಿದ. ಅವನಿಗೆ ಯಾರನ್ನೂ ಸಿಕ್ಕಿಸುವ ಉದ್ದೇಶವಿರಲಿಲ್ಲ. ತನ್ನ ನಷ್ಟದ ಲೆಕ್ಕ ಮಾತ್ರ ಅವನ ತಲೆಯಲ್ಲಿತ್ತು.

"ಇದೇನು ಸಾವ್ಕಾರ್ರೇ? ಇವನ ಕೈ ನಡುಗುತ್ತದೆ, ಕೆಲಸ ಕೊಡಬೇಡಿ ಎಂದು ನೀವೇ ಹೇಳಿದಿರಲ್ಲ? ನಿಮ್ಮ ಮಾತು ನಂಬಿ ನಾನು ಹಾಳಾದೆ."

ಬಡಗಿಯ ಹೆಂಡತಿ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಗಂಡನ ಮುಖ ನೋಡಿದಳು. ಬಡಗಿ ಸಾಹುಕಾರನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಸಾಹುಕಾರನಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಆಗ ನಡುಗುತ್ತಿರಲಿಲ್ಲ, ಸಾವ್ಕಾರ್ರೇ" ಎಂದ ಬಡಗಿ.

ಅಷ್ಟೇ ಹೇಳಿದ. ಏನಾದರೂ ಹೇಳಬೇಕೆಂದು ಸಾಹುಕಾರ ತುಟಿ ಅಲುಗಿಸಿದ. ನಿನ್ನ ಒಳ್ಳೆಯದಕ್ಕೇ ಹೇಳಿದೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದು ಸುಳ್ಳೆಂದು ಅವನಿಗೆ ಆಗ ತಿಳಿಯಿತು. ನುಂಗಿಕೊಂಡ.

ವ್ಯಾಪಾರಿಗೆ ಇದರಲ್ಲಿ ಆಸಕ್ತಿಯಿರಲಿಲ್ಲ. "ಈಗ ಹೇಗಿದೆ ಕೈ? ಉಳಿ ಹಿಡಿ ನೋಡೋಣ" ಎಂದ.

ಬಡಗಿ ಉಳಿ ಎತ್ತಿದ. ಎಲ್ಲರೆದುರು ಅವನ ಕೈ ನಡುಗಿತು.

ವ್ಯಾಪಾರಿ ಪಾಪ ಎನ್ನಲಿಲ್ಲ, ಛೇ ಎಂದೂ ಅನ್ನಲಿಲ್ಲ. "ಒಂದು ಗಾಲಿ ಮಾಡಿ ತೋರಿಸು. ಸರಿಯಿದ್ದರೆ ಉಳಿದ ಗಾಲಿಗಳ ಕೆಲಸವೂ ನಿನಗೇ. ಸರಿಯಿಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ" ಎಂದ.

"ಮರ ಯಾರದು?" ಎಂದು ಬಡಗಿ ಕೇಳಿದ.

"ನಾನೇ ಕಳಿಸುತ್ತೇನೆ."

"ಹಸಿ ಮರ ಕಳಿಸಿದರೆ ನಾನು ಮುಟ್ಟುವುದಿಲ್ಲ. ಒಣಗಿದ ಜಾಲಿ ಬೇಕು. ಮಜೂರಿ ಇಂತಿಷ್ಟೆಂದು ಈಗಲೇ ಆಗಬೇಕು."

"ಮೊದಲು ಮಾಡು, ಆಮೇಲೆ ಮಜೂರಿಯ ಮಾತು."

"ಹಾಗಾದರೆ ನೀವು ಹೋಗಿ ಬನ್ನಿ."

ಇಬ್ಬರೂ ಗಟ್ಟಿದನಿಯಲ್ಲಿ ಚೌಕಾಸಿಗೆ ಇಳಿದರು. ಬಡಗಿ ತಲೆ ಎತ್ತಿ ಮಾತಾಡುತ್ತಿದ್ದ. ವ್ಯಾಪಾರಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದ. ಇಷ್ಟು ದಿನ ಈ ಕಟ್ಟೆಯ ಮೇಲೆ ಕೂತರೂ ಆ ಮುಖವನ್ನು ಸಾಹುಕಾರ ಕಂಡಿರಲಿಲ್ಲ. ತಾನು ಕಂಡದ್ದೆಲ್ಲ ಬಗ್ಗಿದ ಕತ್ತು. ಅದನ್ನೇ ನೋಡಲು ತಾನು ವಾರವಾರ ಬರುತ್ತಿದ್ದೆ ಎಂದು ಅವನಿಗೆ ಅರಿವಾಯಿತು. ಕಟ್ಟೆಯ ಮೇಲೆ ಕೂತಿರಲು ಆಗಲಿಲ್ಲ. ಯಾರೂ ಗಮನಿಸದಂತೆ ಎದ್ದು ಅಂಗಳ ದಾಟಿದ.

ಬೀದಿಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಬಡಗಿಯ ಹೆಂಡತಿ ಜೋಳದ ಚೀಲ ತಂದು ಅವನ ಮುಂದೆ ಇಟ್ಟಳು.

"ಮರೆತು ಹೊರಟಿರಿ" ಎಂದಳು.

ಬೈಯಲಿಲ್ಲ, ಶಪಿಸಲಿಲ್ಲ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಸಾಹುಕಾರ ಚೀಲವನ್ನು ಹೆಗಲ ಮೇಲೆ ಹೊತ್ತುಕೊಂಡ. ಬಿಟ್ಟು ಹೋಗುವ ಧೈರ್ಯ ಅವನಿಗಿರಲಿಲ್ಲ. ಬೀದಿಯ ಜನ ಎದ್ದು ನಿಂತು ನಮಸ್ಕಾರ ಮಾಡಿದರು. "ಇವತ್ತು ಯಾರ ಮನೆಗೆ ಸಾವ್ಕಾರ್ರೇ? ನಿಮ್ಮಂಥ ಧರ್ಮಾತ್ಮರು ಇರುವುದರಿಂದ ಬಡವರು ಉಸಿರಾಡುತ್ತಿದ್ದಾರೆ" ಎಂದು ಒಬ್ಬ ಮುದುಕ ಹೇಳಿದ. ಪ್ರತಿ ನಮಸ್ಕಾರಕ್ಕೂ ಚೀಲ ಭಾರವಾಗುತ್ತ ಹೋಯಿತು. ಮನೆ ತಲುಪಿದವನು ಚೀಲ ಇಳಿಸಿ, ಗೋಡೆಯ ಕಡೆ ಮುಖ ಮಾಡಿ ಕೂತ. ಹೆಂಡತಿ ಊಟಕ್ಕೆ ಕರೆದಳು. ಅವನು ಎದ್ದುಹೋಗಲಿಲ್ಲ.

ಬಹಳ ದಿನ ಅವನು ಯಾರಿಗೂ ಏನನ್ನೂ ಕೊಡಲಿಲ್ಲ. ಕೊಡುವುದೇ ಪಾಪ, ಉಪ್ಪಿನ ವ್ಯಾಪಾರಿಯ ಹಾಗೆ ಇದ್ದುಬಿಡುವುದೇ ಲೇಸು ಎಂದು ನಿಶ್ಚಯಿಸಿದ. ಆಗಲೂ ನೆಮ್ಮದಿ ಸಿಗಲಿಲ್ಲ. ಆ ಮನೆಗೆ ಹತ್ತು ಚೀಲ ಜೋಳ ಕಳಿಸಿ ಕ್ಷಮೆ ಕೇಳೋಣವೆಂದುಕೊಂಡ. ಕ್ಷಮಿಸಿದೆ ಎಂದು ಬಡಗಿ ಹೇಳುವುದನ್ನು ಮನಸ್ಸಿನಲ್ಲೇ ಕೇಳಿಸಿಕೊಂಡ. ಅದು ಕಿವಿಗೆ ಹಿತವಾಯಿತು. ಹಿತವಾದದ್ದನ್ನು ಕಂಡು ಅವನಿಗೇ ಹೇಸಿಗೆಯಾಯಿತು. ಚೀಲಗಳನ್ನು ಕಳಿಸಲಿಲ್ಲ.

ಕೊನೆಗೆ ಒಂದು ದಿನ ಎದ್ದು ಸಂತೆಗೆ ಹೋದ. ತಾನು ಯಾರು ಯಾರಿಗೆ ಬಡಗಿಯ ಕೈ ನಡುಗುತ್ತದೆಂದು ಹೇಳಿದ್ದನೋ ಅವರನ್ನೆಲ್ಲ ಹುಡುಕಿಕೊಂಡು ಹೋದ. "ನಾನು ಸುಳ್ಳು ಹೇಳಿದ್ದೆ. ಅವನ ಕೈ ಆಗ ಚೆನ್ನಾಗಿತ್ತು" ಎಂದು ಒಬ್ಬೊಬ್ಬರಿಗೂ ಹೇಳಿದ. ಕೆಲವರು ನಕ್ಕರು. ಕೆಲವರು ಏಕೆ ಹಾಗೆ ಮಾಡಿದಿರಿ ಎಂದು ಕೇಳಿದರು. ಅವನು ತಲೆ ತಗ್ಗಿಸಿ ಮುಂದಿನವರ ಬಳಿಗೆ ನಡೆದ. ಒಬ್ಬ ರೈತ ಅವನ ಕಾಲ ಬಳಿ ಉಗುಳಿ ಹೋದ. ಅಂದಿನಿಂದ ಬೀದಿಯಲ್ಲಿ ಅವನನ್ನು ಕಂಡು ಎದ್ದು ನಿಲ್ಲುವವರು ಕಡಿಮೆಯಾದರು. ಬಡಗಿಯ ಮನೆಯ ಮುಂದೆ ಅವನು ಮತ್ತೆ ನಡೆಯಲಿಲ್ಲ. ಸುತ್ತು ಬಳಸಿ ಬೇರೆ ದಾರಿಯಲ್ಲಿ ಅಂಗಡಿಗೆ ಹೋಗುತ್ತಿದ್ದ.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು.

"ಹಾಗಾದರೆ ಲಾಭಕ್ಕಾಗಿ ಬಂದ ಆ ವ್ಯಾಪಾರಿಯೇ ಮೇಲಲ್ಲವೇ?" ಎಂದ ಮುರಿಗೆಪ್ಪ.

"ಕೈ ಮುರಿದು ಬಿದ್ದ ತಿಂಗಳುಗಳಲ್ಲಿ ಆ ಮನೆಯವರು ಉಂಡದ್ದು ವ್ಯಾಪಾರಿಯ ಲಾಭವನ್ನಲ್ಲ" ಎಂದರು ಗುರುಗಳು.

"ಹಾಗಾದರೆ ಸಾಹುಕಾರ ಕೊಟ್ಟದ್ದೇ ಸರಿಯೇ?"

"ದಬ್ಬೆ ಬಿಚ್ಚುವ ತನಕ ಸರಿ."

ಮುರಿಗೆಪ್ಪ ಇನ್ನೂ ಹತ್ತಿರ ಸರಿದು ಕೂತ. ಅವನಿಗೆ ತನ್ನ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

"ಗುರುಗಳೇ, ನಿಜ ಹೇಳಿಕೊಂಡ ಮೇಲೆ ಸಾಹುಕಾರನಿಗೆ ಸುಖ ಸಿಕ್ಕಿತೇ? ಅದೊಂದನ್ನು ಹೇಳಿಬಿಡಿ."

ಗುರುಗಳು ಶಿಷ್ಯನ ಮುಖವನ್ನು ನೋಡಿ ಹೇಳಿದರು:

"ಬಡಗಿಯ ಕೈ ನಡುಕ ನಿಂತಿತೇ ಎಂದು ನೀನು ಕೇಳಲಿಲ್ಲ, ಮುರಿಗೆಪ್ಪ."